ಕಡೆಯವರೆಗೂ ಕೇಳದ ಹಾಡು

ಹೊಳೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ತತ್ವಪದ ಹಾಡುವ ರೇವಯ್ಯಜ್ಜ, ಅವರ ಬಳಿ ಹಾಡು ಕಲಿಯುತ್ತಿದ್ದ ಅಡಿವೆಪ್ಪ. ಹುಡುಗನ ದನಿ ಒಳ್ಳೆಯದು, ಶ್ರುತಿ ಗಟ್ಟಿ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ.

ಒಂದು ಬೆಳಗ್ಗೆ ಆ ಸಿಟ್ಟನ್ನು ಹೊತ್ತುಕೊಂಡೇ ಬಂದು ಗುರುಗಳ ಮುಂದೆ ಕೂತ. ಅಜ್ಜ ಹೊಳೆಯ ಮೆಟ್ಟಿಲ ಮೇಲೆ ಕೂತು ಏಕತಾರಿಯ ತಂತಿ ಬಿಗಿಯುತ್ತಿದ್ದರು.

ಸಿಟ್ಟಿಗೆ ಕಾರಣ ಫೋನಿನೊಳಗಿನ ಒಂದು ಬಳಗ. ಊರೂರಿನ ಹಾಡುಗಾರರು ತಾವು ಕಟ್ಟಿದ ಪದ, ತಾವು ಹಾಡಿದ ಪದ ಅದರಲ್ಲಿ ಹಾಕುತ್ತಿದ್ದರು. ಉಳಿದವರು ಕೇಳಿ ಕೆಳಗೆ ಎರಡು ಮಾತು ಬರೆಯುತ್ತಿದ್ದರು. ಅಲ್ಲಿ ಹೆಸರು ಮಾಡಬೇಕೆಂಬುದು ಅಡಿವೆಪ್ಪನ ಆಸೆ. ಅದಕ್ಕೆಂದೇ ಸೇರಿದ ದಿನದಿಂದ ಒಬ್ಬರನ್ನೂ ಬಿಡದೆ ಎಲ್ಲರನ್ನೂ ಹೊಗಳಿದ್ದ. ನಿನ್ನೆ ತಾನು ಕಟ್ಟಿದ ಮೊದಲ ಪದ ಹಾಕಿದರೆ, ನಾಲ್ಕಾರು ಜನ ಕೈಮುಗಿಯುವ ಚಿತ್ರ ಒತ್ತಿ ತಮ್ಮ ದಾರಿ ಹಿಡಿದಿದ್ದರು.

"ಅಜ್ಜಾರ, ಈ ಮಂದಿಗೆ ನ್ಯಾಯ ನೀತಿ ಏನೂ ಇಲ್ಲರಿ. ನಾ ಇವರಿಗೆಲ್ಲಾ ಬಾಯಿ ತುಂಬ ಹೊಗಳೀನಿ. ನನ್ನ ಸರದಿ ಬಂದಾಗ ಒಬ್ಬರೂ ಒಂದು ಮಾತು ಬರೀಲಿಲ್ಲ."

ಅಜ್ಜ ತಂತಿ ಮೀಟಿ ನೋಡಿದರು. ಸಾಲದೆಂದು ಇನ್ನೊಂದಿಷ್ಟು ಬಿಗಿದರು.

"ಇವತ್ತ ಹೊಳಿ ಹ್ಯಾಂಗ ಹರಿಯಾಕತ್ತೈತಿ, ತಮ್ಮಾ?"

ಅಡಿವೆಪ್ಪ ಹೊಳೆಗೆ ಬೆನ್ನು ಮಾಡಿ ಕೂತಿದ್ದ.

"ಭಾಳ ಚೊಲೋ ಹರಿಯಾಕತ್ತೈತ್ರಿ, ಅಜ್ಜಾರ."

"ತಿರುಗಿ ನೋಡಿ ಹೇಳು."

ಅವನು ತಿರುಗಿ ನೋಡಿದ. ಮೇಲಿನ ಬ್ಯಾರೇಜಿನ ಬಾಗಿಲು ಹಾಕಿ ಎಷ್ಟೋ ದಿನವಾಗಿತ್ತು. ನೀರು ನಿಂತಲ್ಲೇ ನಿಂತು ಹಸಿರುಗಟ್ಟಿತ್ತು. ಅದರ ಮೇಲೊಂದು ಒಣಗಿದ ಎಲೆ, ಇದ್ದಲ್ಲೇ ಇತ್ತು.

ಅಜ್ಜ ಮತ್ತೆ ತಂತಿಗೆ ಕೈ ಹಾಕಿದರು. ತಾನು ಹೇಳಿದ್ದೇನು, ಇವರು ಕೇಳಿದ್ದೇನು ಎಂದು ಗೊಣಗುತ್ತ ಅಡಿವೆಪ್ಪ ಎದ್ದು ಹೋದ. ಗುರುವಿನ ಮೇಲೂ ಸಿಟ್ಟು ಬಂದಿತ್ತು ಅವನಿಗೆ.

ಅವನು ಹೊಗಳುತ್ತಿದ್ದ ರೀತಿಯನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಬೆಳಗಿನ ಹೊತ್ತು ಆಶ್ರಮದಲ್ಲಿ ಎಲ್ಲರೂ ಕಣ್ಣುಮುಚ್ಚಿ ಕೂತಿರುವಾಗ ಅವನು ಗೋಡೆಯ ಮರೆಯಲ್ಲಿ ಫೋನು ತೆಗೆಯುತ್ತಿದ್ದ. ಬೇರೆಯವರಿಗೆ ತೊಂದರೆಯಾಗಬಾರದಲ್ಲ, ಅದಕ್ಕೆ ದನಿ ಪೂರ್ತಿ ಬಂದ್. ಹೆಬ್ಬೆರಳಲ್ಲಿ ಸರಿಸುತ್ತ ಹೋಗುವುದು, ಹಾಡಿನ ಕೆಳಗೊಂದು 'ಅದ್ಭುತ', ಒಂದು 'ಶರಣು', ಒಂದು ಹೂವಿನ ಚಿತ್ರ. ಸಾಲಾಗಿ ಕೂತವರ ಎಲೆಗೆ ಉಪ್ಪು ಬಡಿಸುವವನು ಕೂಡ ಎಲೆಯ ಕಡೆ ಒಮ್ಮೆ ನೋಡುತ್ತಾನೆ. ಇವನು ಅಷ್ಟೂ ಇಲ್ಲ.

ಹಾಡು ಕಲಿಯಲು ಬಂದವನು ಹಾಡು ಕೇಳದೆ ಹೊಗಳುವುದೆಂದರೆ ಏನು? ಆದರೆ ಹಾಗೆ ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಹೊಗಳಿಸಿಕೊಂಡವರಿಗೆ ಹೊಗಳಿಕೆ ಸಾಕಾಗಿತ್ತು. ಇವನ ಹೆಸರಿನ ಜೊತೆಗೆ 'ರೇವಯ್ಯಜ್ಜನವರ ಶಿಷ್ಯ' ಎಂಬ ಸಾಲೂ ಇತ್ತಲ್ಲ, ಅದನ್ನು ಓದಿ ಜನ ಇನ್ನಷ್ಟು ಹಿಗ್ಗುತ್ತಿದ್ದರು.

ಕೆಲವು ದಿನ ಕಳೆದ ಮೇಲೆ ಆಶ್ರಮದ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಬಂದು ನಿಂತಳು. ತಲೆತುಂಬ ಸೆರಗು, ಕುತ್ತಿಗೆಗೆ ಒಂದು ಬಟ್ಟೆ ಸುತ್ತಿಕೊಂಡಿದ್ದಳು. ಅಡಿವೆಪ್ಪ ಅನ್ನುವವರು ಯಾರು ಎಂದು ಕೇಳಿದಳು. ಕೇಳಿದ್ದು ಪಿಸುಮಾತಿನಲ್ಲಿ.

ಅಡಿವೆಪ್ಪ ಅಂಗಿ ಸರಿಮಾಡಿಕೊಂಡು ಎದುರು ಬಂದ. ನನ್ನ ಹೆಸರು ಹುಡುಕಿಕೊಂಡು ಪರ ಊರಿನಿಂದ ಜನ ಬರತೊಡಗಿದರಲ್ಲ ಎಂದು ಅವನ ಮುಖ ಅರಳಿತು. ಅಜ್ಜನ ಕಡೆ ಒಮ್ಮೆ ನೋಡಿದ, ನೋಡಿದಿರಾ ಅನ್ನುವಂತೆ.

ಅವಳ ಹೆಸರು ಮಾಬುಬಿ. ಹಿಟ್ಟಿನ ಗಿರಣಿಯಲ್ಲಿ ಕೆಲಸ. ಅವಳ ಅಜ್ಜಿಯ ಕಾಲದಿಂದಲೂ ಮನೆಯಲ್ಲಿ ತತ್ವಪದ ಹಾಡುತ್ತಿದ್ದರು, ಅವಳಿಗೂ ಅದೇ ಹುಚ್ಚು. ಬಳಗದಲ್ಲಿ ಅವಳೂ ಒಂದು ಪದ ಹಾಕಿದ್ದಳು.

ಅವಳು ಕೂರಲಿಲ್ಲ. ಫೋನು ತೆಗೆದು, ದನಿ ಜೋರು ಮಾಡಿ, ಜಗಲಿಯ ಮೇಲಿಟ್ಟಳು.

ಮೊದಲು ಕೇಳಿಸಿದ್ದು ಗಿರಣಿಯ ಸಪ್ಪಳ. ಅದರ ಮೇಲೆ, ಅದನ್ನು ಮೀರಬೇಕೆಂದು ಹಟ ಹಿಡಿದಂತೆ, ಒಂದು ಹೆಣ್ಣುದನಿ. ತುಂಬು ದನಿ ಅದು. ಅಡಿವೆಪ್ಪನ ಮೈ ಜುಮ್ಮೆಂದಿತು. ಇಂಥ ದನಿ ತನ್ನ ಫೋನಿನಲ್ಲೇ ಇದ್ದೂ ತಾನು ಕೇಳಿರಲಿಲ್ಲವಲ್ಲ ಎಂದುಕೊಂಡ. ಆದರೆ ಮೇಲಿನ ಸ್ವರಕ್ಕೆ ಹೋದಾಗಲೆಲ್ಲ ದನಿ ಹರಿದ ಅರಿವೆಯಂತೆ ಪರಪರ ಅನ್ನುತ್ತಿತ್ತು. ಹಾಡುವುದನ್ನು ಒಂದು ವಾರ ಕಲಿತವನಿಗೂ ಅದು ತಿಳಿಯಬೇಕು.

ಹಾಡು ಮುಗಿಯಿತು. ಆಮೇಲೆ ಅದೇ ದನಿ, ಮಾತಿನಲ್ಲಿ: "ಶರಣ್ರಿ ಎಲ್ಲಾರಿಗೂ. ಗಿರಣಿ ಸಪ್ಪಳದಾಗ ಹಾಡಿ ರೂಢಿ ನನಗ. ಈಗೀಗ ಮ್ಯಾಲ ಹೋದ್ರ ಗಂಟಲದಾಗ ಬೆಂಕಿ ಇಟ್ಟಂಗ ಆಗ್ತೈತಿ. ಹಿಂಗ ಹಾಡೂದು ಸರಿ ಐತೋ ಇಲ್ಲೋ, ತಿಳಿದಾರು ಯಾರರೆ ಹೇಳ್ರಿ."

ಅದರ ಕೆಳಗೆ ಇದ್ದ ಉತ್ತರವನ್ನು ಮಾಬುಬಿ ಅಜ್ಜನಿಗೆ ತೋರಿಸಿದಳು. ಅಜ್ಜ ಕಣ್ಣು ಕಿರಿದು ಮಾಡಿ, ಒಂದೊಂದೇ ಅಕ್ಷರ ಬಿಡಿಸಿ ಓದಿದರು.

"ಅದ್ಭುತ ಅಕ್ಕಾರ! ಇನ್ನೂ ಎತ್ತರಕ್ಕೆ ಏರಿಸಿ. ಅಡಿವೆಪ್ಪ, ರೇವಯ್ಯಜ್ಜನವರ ಶಿಷ್ಯ."

ಅಜ್ಜ ಫೋನನ್ನು ಮತ್ತೆ ಜಗಲಿಯ ಮೇಲಿಟ್ಟರು.

"ನಾ ಏರಿಸಿದೆ," ಎಂದಳು ಮಾಬುಬಿ. "ಅಜ್ಜಾರ ಶಿಷ್ಯಾರು ಹೇಳ್ಯಾರಂದ್ರ ಉರಿ ಬರೂದು ಸಾಧಕದ ಗುರುತು ಅಂತ ತಿಳಕೊಂಡೆ. ಬೆಳಗಾದ್ರ ಏರಿಸಿದೆ, ಸಂಜಿ ಆದ್ರ ಏರಿಸಿದೆ. ಒಂದಿನ ಎದ್ದು ನೋಡಿದ್ರ ದನಿನಽ ಇಲ್ಲ. ಡಾಕ್ಟರು ಅಂದ್ರು, ಗಂಟಲ ಗಾಯ ಆಗೈತಿ. ಮಾತು ನಿಲ್ಲಿಸು, ನಿಲ್ಲಿಸಿದ್ರೂ ದನಿ ಬರ್ತೈತೋ ಇಲ್ಲೋ ಹೇಳಾಕ ಆಗೂದಿಲ್ಲ ಅಂತ."

ಒಂದೊಂದು ಮಾತಿಗೂ ಅವಳ ಕುತ್ತಿಗೆಯ ನರ ಉಬ್ಬುತ್ತಿತ್ತು. ಕೂಗಿ ಬೈಯಬೇಕಾದವಳು ಪಿಸುಗುಟ್ಟುತ್ತಿದ್ದಳು. ಕೂಗಲು ದನಿ ಎಲ್ಲಿತ್ತು?

"ನೀವು ನನ್ನ ಹಾಡು..."

ಅಡಿವೆಪ್ಪ ನಡುವೆಯೇ ಬಾಯಿ ಹಾಕಿದ. ತಾನು ಕೆಟ್ಟದ್ದು ಬಯಸಿ ಬರೆದದ್ದಲ್ಲ, ಹೊಸಬರ ಮನಸ್ಸಿಗೆ ನೋವಾಗಬಾರದು, ಹುರುಪು ಬರಲಿ ಎಂದು ಬರೆದದ್ದು ಎಂದ. ಬಳಗದಲ್ಲಿ ಎಲ್ಲರೂ ಹೀಗೇ ಬರೆಯುತ್ತಾರೆ ಎಂದೂ ಸೇರಿಸಿದ.

ಮಾಬುಬಿ ಹೇಳಬೇಕೆಂದಿದ್ದ ಮಾತನ್ನು ನುಂಗಿಕೊಂಡು ಫೋನು ಎತ್ತಿಕೊಂಡಳು.

ರೇವಯ್ಯಜ್ಜನಿಗೆ ಸಿಟ್ಟೇ ಬರುವುದಿಲ್ಲ ಎಂದು ಆಶ್ರಮದವರು ನಂಬಿದ್ದರು. ಆ ದಿನ ಆ ನಂಬಿಕೆ ಹೋಯಿತು.

ಮೊದಲು ಅವರು ಮಾಬುಬಿಯ ಕಡೆ ತಿರುಗಿ, ತಾವು ಹಿರಿಯರೆನ್ನುವುದನ್ನೂ ಮರೆತು, ಕೈಮುಗಿದರು. ಡಾಕ್ಟರು ಹೇಳಿದಂತೆ ಮೌನವಾಗಿರು ತಾಯಿ, ಗಿರಣಿಯ ಯಜಮಾನರಿಗೆ ನಾನು ಹೇಳಿ ಕಳಿಸುತ್ತೇನೆ, ಸಪ್ಪಳವಿಲ್ಲದ ಕೆಲಸ ಕೊಡಲಿ ಎಂದರು. ದನಿ ಮರಳಿದ ದಿನ ಇಲ್ಲಿಗೆ ಬಾ, ಕೆಳಗಿನ ಸ್ವರದಿಂದ ನಾನೇ ಕೂತು ಹೇಳಿಕೊಡುತ್ತೇನೆ ಎಂದರು. ಅವಳು ತಲೆಯಾಡಿಸಿ ಬಸ್ಸಿನ ದಾರಿ ಹಿಡಿದಳು. ಅಡಿವೆಪ್ಪನ ಕಡೆ ತಿರುಗಿಯೂ ನೋಡಲಿಲ್ಲ.

ಅಡಿವೆಪ್ಪನ ಕಣ್ಣಲ್ಲಿ ನೀರು ಬಂದಿತ್ತು. ಅವಮಾನದ್ದೋ ಪಶ್ಚಾತ್ತಾಪದ್ದೋ, ಅವನಿಗೇ ಗೊತ್ತಿರಲಿಕ್ಕಿಲ್ಲ.

"ಈ ಹಾಳು ಫೋನಽ ಬ್ಯಾಡ್ರಿ ಅಜ್ಜಾರ. ಈಗಽ ಹೊಳ್ಯಾಗ ಒಗೀತೀನಿ."

"ಹೊಳಿ ನಿನಗೇನ್ ಮಾಡಿತ್ತು?"

ಅಡಿವೆಪ್ಪ ಎತ್ತಿದ ಕೈ ಇಳಿಸಿದ.

"ಫೋನಿಗೆ ಕಿವಿ ಇಲ್ಲ, ಹೊಳಿಗೂ ಇಲ್ಲ. ನಿನಗ ಎರಡು ಅದಾವ. ಅದರಾಗ ಹಾಡು ಬೀಳಲಿ ಅಂತ ಇಷ್ಟು ವರ್ಷ ಗಂಟಲ ಹರಕೊಂಡೆ ನಾ. ನನ್ನ ಹೆಸರ ಹಚ್ಚಿ ಸುಳ್ಳ ಹಂಚಿದಿ. ಯಾರ್ಯಾರ ಹಾಡಿನ ಕೆಳಗ ಅದ್ಭುತ ಅಂತ ಬರದೀಯೋ, ಅವನ್ನೆಲ್ಲಾ ಮೊದಲಿಂದ ಕಡೀತನಕ ಕೇಳು. ಕೇಳದಽ ಬರದಿದ್ದೆ ಅಂತ ಅಲ್ಲೇ, ಎಲ್ಲಾರ ಮುಂದ ಬರಿ. ಆಮ್ಯಾಲ ಕೇಳಿಸಿದ್ದನ್ನ ಬರಿ. ನನ್ನ ಹೆಸರ ಮೊದಲ ಕಿತ್ತು ಹಾಕು."

ಅವನು ಹಾಗೇ ಮಾಡಿದ. ಮೊದಲು ಮಾಬುಬಿಯ ಹಾಡಿನ ಕೆಳಗೆ ಬರೆದ, ಆಮೇಲೆ ಉಳಿದವರದು.

ಬಳಗ ಕುದಿಯತೊಡಗಿತು. ನಮ್ಮ ಹಾಡು ಕೇಳದೆ ನಮ್ಮನ್ನು ಹೊಗಳಿದೆಯಾ ಎಂದು ಕೆಲವರು. ಆಶ್ರಮದ ಕಳ್ಳ ಎಂದು ಕೆಲವರು. ಇವನಂತೆಯೇ ಕೇಳದೆ ಹೊಗಳುತ್ತಿದ್ದವರು ಎಲ್ಲರಿಗಿಂತ ಜೋರಾಗಿ ಬೈದರು. ಅಂಥವರಿಗೆ ಬಾಯಿ ಯಾವಾಗಲೂ ದೊಡ್ಡದು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಎನ್ನುತ್ತ ಅಡಿವೆಪ್ಪ ಅಜ್ಜನ ಮುಂದೆ ಬಂದು ನಿಂತ.

"ಇದ್ದ ಹೆಸರೂ ಹೋತ್ರಿ, ಅಜ್ಜಾರ."

"ಇದ್ದಿದ್ರ ತಾನ ಹೋಗೂದು," ಎಂದರು ಅಜ್ಜ. "ನಡಿ, ಕೇಳು ಹೋಗು."

ಅವನು ಹೊಳೆಯ ದಂಡೆಯಲ್ಲಿ ಕೂತು ಕೇಳಿದ. ಮೊದಮೊದಲು ಶಿಕ್ಷೆಯೆಂದು ಕೇಳಿದ. ದನದ ಕೊಟ್ಟಿಗೆಯಲ್ಲಿ ಕೂತು ಹಾಡಿದ ಒಬ್ಬ ಮುದುಕ ಎರಡನೆಯ ನುಡಿಯಲ್ಲಿ ತಾಳ ತಪ್ಪಿ, ಎಮ್ಮೆ ಕೂಗಿದ ಮೇಲೆ ಸರಿಯಾಗಿ ಹಿಡಿದಿದ್ದ. ಅಡಿವೆಪ್ಪನಿಗೆ ನಗು ಬಂತು, ಅದನ್ನೇ ಬರೆದ. ಒಬ್ಬ ಬಳೆಗಾರ್ತಿ ಕಟ್ಟಿದ ಪದ ಕೇಳಿ ಆ ದಿನವೆಲ್ಲ ಬೇರೆ ಹಾಡು ಕೇಳಲಾಗಲಿಲ್ಲ ಅವನಿಗೆ. ಇದರಲ್ಲಿ ನನಗೆ ತಪ್ಪು ಕಾಣಲಿಲ್ಲ ತಾಯಿ, ಮೂರು ಸಲ ಕೇಳಿದೆ ಎಂದು ಬರೆದ. ಚೆನ್ನಾಗಿಲ್ಲದ್ದನ್ನು ಎಲ್ಲಿ ಚೆನ್ನಾಗಿಲ್ಲ ಎಂದು ಮೆತ್ತಗೆ ಹೇಳಿದ. ಗಂಟಲು ಬಿಗಿಹಿಡಿದು ಹಾಡುವವರು ಕಂಡರೆ, ಶ್ರುತಿ ಇಳಿಸಿ ಎಂದು ಬೇಡಿಕೊಂಡ.

ಕೆಲವರು ಇನ್ನಷ್ಟು ಬೈದರು. ಕೆಲವರು ಸುಮ್ಮನಾದರು. ಆ ಮುದುಕ ಮಾತ್ರ ಎರಡನೆಯ ನುಡಿ ತಿದ್ದಿ ಮತ್ತೆ ಹಾಡಿ ಕಳಿಸಿದ.

ಮಳೆಗಾಲ ಬಂತು. ಬ್ಯಾರೇಜಿನ ಬಾಗಿಲು ತೆಗೆದರು, ಹೊಳೆ ಕೆಂಪಾಗಿ ಹರಿಯಿತು, ಮತ್ತೆ ತಿಳಿಯಾಯಿತು. ಅಷ್ಟರಲ್ಲಿ ಬಳಗದ ಗಾಳಿಯೂ ಬದಲಾಗಿತ್ತು. ಹೊಸ ಪದ ಕಟ್ಟಿದವರು ಮೊದಲು ಅಡಿವೆಪ್ಪನಿಗೆ ಕಳಿಸಿ, ಅವನು ಕೇಳಿದ ಮೇಲೆ ಬಳಗಕ್ಕೆ ಹಾಕತೊಡಗಿದರು. ಆಶ್ರಮದ ಕಳ್ಳ ಎಂದವರೇ ಈಗ, ಅಡಿವೆಪ್ಪ ಹೇಳಿದನೆಂದರೆ ಮುಗಿಯಿತು ಅನ್ನುತ್ತಿದ್ದರು.

ಒಂದು ದಿನ ಎಲ್ಲರೂ ಸೇರಿ ಅವನನ್ನು ಬಳಗದ ಹಿರಿಯನಾಗು ಎಂದು ಕೇಳಿಕೊಂಡರು.

ಅಡಿವೆಪ್ಪ ಹೊಳೆಯ ಮೆಟ್ಟಿಲಿಗೆ ಓಡಿಬಂದ. ಅಜ್ಜ ಅದೇ ಏಕತಾರಿ ಹಿಡಿದು ಕೂತಿದ್ದರು. ಅವನು ಬಳಗದವರು ಬರೆದದ್ದನ್ನು ಫೋನಿನಲ್ಲಿ ಒಂದೊಂದೇ ಓದಿ ಹೇಳಿದ. ಇವರು ಹೀಗೆ ಬರೆದಿದ್ದಾರೆ, ಅವರು ಹಾಗೆ ಬರೆದಿದ್ದಾರೆ, ಇಂಥ ಕಿವಿ ಜಿಲ್ಲೆಯಲ್ಲೇ ಇಲ್ಲವಂತೆ. ಓದುತ್ತ ಓದುತ್ತ ಅವನ ದನಿ ಏರಿತು.

"ಈಗ ನನಗ ಖರೇ ಹೆಸರು ಬಂತ್ರಿ, ಅಜ್ಜಾರ. ಒಬ್ಬರನ್ನೂ ಬಿಡದಽ ಕೇಳೀನಿ."

ಅಜ್ಜ ತಂತಿಯ ಮೇಲೆ ಬೆರಳಿಟ್ಟು ನಾದ ನಿಲ್ಲಿಸಿದರು.

"ಮಾಬುಬಿ ಗಂಟಲ ಈಗ ಹ್ಯಾಂಗೈತಿ?"

"ಆರಾಮ ಆಗಿರಬೇಕ್ರಿ," ಎಂದ ಅಡಿವೆಪ್ಪ.

ಅಂದವನು ಅಲ್ಲೇ ನಿಂತ. ಹೊಳೆ ಅವನ ಬೆನ್ನ ಹಿಂದೆ ಹರಿಯುತ್ತಿತ್ತು. ಆ ದಿನ ಹೋದವಳನ್ನು ಅವನು ಒಮ್ಮೆಯೂ ವಿಚಾರಿಸಿರಲಿಲ್ಲ. ಅವಳು ಬಳಗದಲ್ಲಿ ಮತ್ತೆ ಹಾಡಿರಲಿಲ್ಲ, ಒಂದು ಮಾತೂ ಬರೆದಿರಲಿಲ್ಲ. ಅವನಿಗೆ ಅದು ಕಂಡೂ ಇರಲಿಲ್ಲ.

ಫೋನು ಹಿಡಿದ ಕೈ ಕೆಳಗಿಳಿಯಿತು. ಅಜ್ಜನ ಮುಖದಲ್ಲಿ ಆ ದಿನದ ಸಿಟ್ಟು ಹಾಗೇ ಇತ್ತು. ಅದು ಎಂದೂ ಹೋಗಿರಲಿಲ್ಲವೆಂದು ಅಡಿವೆಪ್ಪನಿಗೆ ಈಗ ತಿಳಿಯಿತು.

ಅಜ್ಜ ಏಕತಾರಿ ಪಕ್ಕಕ್ಕಿಟ್ಟು, ಮೆಟ್ಟಿಲ ಮೇಲಿದ್ದ ಅವನ ಚಪ್ಪಲಿ ಎತ್ತಿ ಅವನ ಕಾಲ ಮುಂದಿಟ್ಟರು.

"ಅಕಿ ಊರಿನ ಬಸ್ಸು ಬರೂ ಹೊತ್ತಾತು, ಹೋಗು. ಅಕಿ ಬೈದ್ರ ನಡುವ ಬಾಯಿ ಹಾಕಬ್ಯಾಡ. ಕಡೀತನಕ ಕೇಳಿ ಬಾ."