ಸದ್ದಿಲ್ಲದ ಗಾಡಿ, ಮುನ್ನೂರು ರೊಟ್ಟಿ

ದ್ಯಾಮವ್ವನ ಕೈಲಿ ಆಗುವುದಿಲ್ಲ ಅಂದವನು ಅವಳ ಮೈದುನ ಬಸಲಿಂಗಪ್ಪ. ಗಂಡ ಸತ್ತಾಗ ಅಂದ. ಒಲೆಯ ಮೇಲೆ ಹಂಚಿಟ್ಟು, ರೊಟ್ಟಿ ಬಡಿದು ಮಾರತೊಡಗಿದಾಗ ಅಂದ. ಉಪ್ಪಿನ ಪಾಕೀಟು, ಗೋಡೆಯ ಮೇಲಿನ ಜಾಹೀರಾತು ನೋಡಿ ನೋಡಿ ತಾನೇ ಓದು ಕಲಿತಾಗಲೂ ಅಂದ. ಮೂರು ಸಲವೂ ಅವನ ಮಾತು ಸುಳ್ಳಾಯಿತು. ಈಗ ಅವಳು ಕರೆಂಟಿನ ಬೈಕು ಕೊಂಡು ತರಿಸಿ ಬಾಗಿಲಲ್ಲಿ ನಿಲ್ಲಿಸಿದಳು. ನಾಲ್ಕನೇ ಸಲ ಅಂದ.

ಬಸಲಿಂಗಪ್ಪನ ಬೈಕು ಪೆಟ್ರೋಲಿನದು. ಡುಗ್ಗ ಡುಗ್ಗ ಡುಗ್ಗ! ಅವನು ಬರುವುದು ಮೂರು ಓಣಿ ಆಚೆಯಿಂದಲೇ ಗೊತ್ತಾಗುತ್ತಿತ್ತು.

"ಅತ್ತಿಗಿ, ಗಾಡಿ ಅಂದ್ರ ಗುಡುಗಬೇಕು! ಇದು ಮೂಕ ಗಾಡಿ. ಅದರ ಮ್ಯಾಲ ನಿನ್ನ ಮಗಾ ಬ್ಯಾರೆ! ಆಗೂದಿಲ್ಲ ಬಿಡು."

ಮಗನ ಹೆಸರು ತೆಗೆದದ್ದೇ ಅವಳಿಗೆ ಚುಚ್ಚಿತು. ಅಡಿವೆಪ್ಪ ಇಪ್ಪತ್ತು ದಾಟಿದವ. ಕೆಟ್ಟವನಲ್ಲ, ಸೋಮಾರಿಯಲ್ಲ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದಷ್ಟನ್ನೇ, ಹೇಳಿದ ಹಾಗೇ. ಅದೇ ಅವನ ರೋಗ.

ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ದಿನಾ ಮುನ್ನೂರು ರೊಟ್ಟಿ ಬೇಕಿತ್ತು. ವಾರ್ಡನ್ ಬಾಯಾರು ಖಡಾಖಂಡಿತ ಹೇಳಿದ್ದರು: "ಒಂದು ವಾರ ನೋಡತೀನಿ ದ್ಯಾಮವ್ವ. ಮಧ್ಯಾಹ್ನ ಒಂದರ ಗಂಟಿ ಹೊಡಿಯೂದ್ರೊಳಗ ರೊಟ್ಟಿ ಬರಬೇಕು. ಮೂರು ಸಲ ತಪ್ಪಿತೋ, ನಿನ್ನ ಮೈದುನನ ಖಾನಾವಳಿಗೆ ಕೊಟ್ಟಬಿಡತೀನಿ."

ಸೋಮವಾರ. ದ್ಯಾಮವ್ವ ರೊಟ್ಟಿಯ ಗಂಟನ್ನು ಬೈಕಿಗೆ ಕಟ್ಟಿದಳು. ಅಡಿವೆಪ್ಪ ಕೀಲಿ ತಿರುವಿದ. ಸದ್ದಿಲ್ಲ. ಮತ್ತೆ ತಿರುವಿದ. ಸದ್ದಿಲ್ಲ. ಗಾಡಿ ಕಲಿಸುವಾಗ ಕಾಕಾ ಬಸಲಿಂಗಪ್ಪ ಹೇಳಿದ್ದ: ಚಾಲೂ ಆಗಲಿಲ್ಲ ಅಂದ್ರೆ ಮಗ್ಗುಲಿಗೆ ಮಲಗಿಸು, ಪೆಟ್ರೋಲು ಇಳಿಯುತ್ತದೆ. ಅಡಿವೆಪ್ಪ ಮಲಗಿಸಿದ. ಗಂಟು ಬಿಚ್ಚಿತು. ಮುನ್ನೂರು ರೊಟ್ಟಿ ಚರಂಡಿಗೆ ಉರುಳಿದವು.

"ಅಯ್ಯಯ್ಯ! ಏನ್ ಮಾಡಿದ್ಯೋ!"

"ಮಲಗಿಸಿದೆ ಬೇ. ಇನ್ನೂ ಸದ್ದಿಲ್ಲ. ಆ ಕಡೆ ಮಗ್ಗಲಕ್ಕ ಮಲಗಿಸಿ ನೋಡ್ಲೇನು?"

"ಇದರಾಗ ಪೆಟ್ರೋಲ್ ಎಲ್ಲೈತೋ ಹುಚ್ಚಪ್ಪಾ! ಸದ್ದು ಕೇಳಬ್ಯಾಡ, ದೀಪಾ ನೋಡು! ಹಸಿರು ದೀಪಾ ಹತ್ತಿದ್ರ ಚಾಲೂ ಆದಂಗ. ದೀಪಾ ನೋಡಕೋತ ಹೋಗು!"

"ಆತು ಬೇ."

ಒಂದು ಸಲ ತಪ್ಪಿತು.

ಮಂಗಳವಾರ ಅಡಿವೆಪ್ಪ ದೀಪ ನೋಡಿದ. ದೀಪವನ್ನೇ ನೋಡಿದ. ಬಜಾರು ನೋಡಲಿಲ್ಲ, ಬಜಾರಿನಲ್ಲಿ ಮೆಣಸಿನಕಾಯಿ ಹರವಿಕೊಂಡು ಕೂತಿದ್ದ ಮಾಬೂಬಿಯನ್ನೂ ನೋಡಲಿಲ್ಲ. ಗಾಡಿಗೆ ಸದ್ದಿಲ್ಲ, ಹೀಗಾಗಿ ಯಾರೂ ಸರಿಯಲಿಲ್ಲ. ಮೆಣಸಿನಕಾಯಿಯ ರಾಶಿಯನ್ನು ಸೀಳಿಕೊಂಡು ಹೋದ.

"ಯಾ ಅಲ್ಲಾ! ಸದ್ದಿಲ್ಲ, ಸಪ್ಪಳಿಲ್ಲ, ದೆವ್ವ ಬಂದಂಗ ಬಂತಲ್ಲೋ!"

ಇಡೀ ಬಜಾರು ಸೀನಿತು. ರೊಟ್ಟಿ ಗಂಟೆಗೆ ಮುಂಚೆಯೇ ಮುಟ್ಟಿದವು, ಹಾಗಾಗಿ ತಪ್ಪು ಲೆಕ್ಕಕ್ಕೆ ಬರಲಿಲ್ಲ. ಆದರೆ ಹುಡುಗಿಯರು ಕಣ್ಣೀರು ಸುರಿಸುತ್ತಾ ಉಂಡರು.

"ಮಂದಿ ಕಾಣಲಿಲ್ಲೇನೋ ನಿನಗ?"

"ದೀಪಾ ಕಾಣತಿತ್ತು. ನೀನ ಹೇಳಿದ್ದಿ ಅಲ್ಲಬೇ!"

"ಅಯ್ಯ ನನ್ನ ಹಣೆಬರಾ! ಇದು ನಿಮ್ಮ ಕಾಕಾನ ಗಾಡಿ ಅಲ್ಲೋ, ಬರೂದು ಯಾರಿಗೂ ಕೇಳೂದಿಲ್ಲ. ರಸ್ತಾ ನೋಡು! ಮಂದಿಗೆ ಗೊತ್ತಾಗೂಹಂಗ ಸದ್ದು ಮಾಡಕೋತ ಹೋಗು!"

"ಆತು ಬೇ."

ಅವಳು ಹೇಳಿದ್ದು ಹಾರ್ನು. ಬುಧವಾರ ಅಡಿವೆಪ್ಪ ಬಾಯಿ ತೆರೆದ. "ಡುಗ್ಗ ಡುಗ್ಗ ಡುಗ್ಗ ಡುಗ್ಗ!" ಬಸಲಿಂಗಪ್ಪ ಬಂದನೆಂದು ಬಜಾರು ಎರಡು ಭಾಗವಾಗಿ ಸರಿಯಿತು. ಬಂದವನು ಅಡಿವೆಪ್ಪ! ಕತ್ತಿನ ನರ ಉಬ್ಬಿವೆ, ಮುಖ ಕೆಂಪಾಗಿದೆ. ಹನ್ನೆರಡೂವರೆಗೇ ಹಾಸ್ಟೆಲ್ಲಿನ ಗೇಟು ಮುಟ್ಟಿದ.

"ಯಾರಪ್ಪಾ ನೀನು?" ಅಂದ ಆವತ್ತಿನ ಪಾಳಿಯ ಕಾವಲುಗಾರ.

"ಡುಗ್ಗ!"

"ಏನ್ ತಂದೀ?"

"ಡುಗ್ಗ ಡುಗ್ಗ!"

ಕಾವಲುಗಾರ ಹೌಹಾರಿ ಗೇಟಿಗೆ ಬೀಗ ಜಡಿದ. ಒಂದರ ಗಂಟೆ ಹೊಡೆಯಿತು.

"ಸದ್ದು ನಿಲ್ಲಿಸಿ ಹೆಸರು ಹೇಳಾಕ ಏನಾಗಿತ್ತೋ!"

"ಕೀಲಿ ಚಾಲೂ ಇತ್ತು ಬೇ. ಗಾಡಿ ಬಂದ್ ಆಗದ ಸದ್ದು ಹೆಂಗ ಬಂದ್ ಮಾಡ್ಲಿ?"

ಎರಡು ಸಲ ತಪ್ಪಿತು. ದ್ಯಾಮವ್ವ ಹಣೆ ಹಣೆ ಚಚ್ಚಿಕೊಂಡಳು. "ಸಾಕಪ್ಪಾ! ನನ್ನ ಮಾತು ಬ್ಯಾಡ, ಪುಸ್ತಕದ ಮಾತು ಕೇಳು." ಬೈಕಿನ ಜೊತೆ ಬಂದಿದ್ದ ಪುಸ್ತಕ ಬಿಡಿಸಿ, ಅಕ್ಷರದ ಕೆಳಗೆ ಬೆರಳಿಟ್ಟು ಓದಿದಳು: "'ಬ್ಯಾಟರಿ ಅರ್ಧಕ್ಕೆ ಇಳಿದಾಗ ಮನೆಯ ಕಡೆ ಹಿಂತಿರುಗಿ.' ತಿಳೀತೇನು? ಅರ್ಧ ಆತಂದ್ರ ಮನಿ ಕಡೆ!"

"ಆತು ಬೇ."

ಗುರುವಾರ ಬೆಳಗಿನಿಂದ ಕರೆಂಟಿಲ್ಲ. ಬ್ಯಾಟರಿ ಅರ್ಧಕ್ಕಿಂತ ಸ್ವಲ್ಪ ಮೇಲಿತ್ತು. ಅಡಿವೆಪ್ಪ ಬೇಗ ಹೊರಟ, ರಸ್ತೆ ನೋಡಿದ, ಹಾರ್ನು ಹೊಡೆದ. ಹಾಸ್ಟೆಲ್ಲಿನ ಗೇಟು ತೆರೆದಿತ್ತು. ವಾರ್ಡನ್ ಬಾಯಾರು ತಾವೇ ಬಂದು ನಿಂತಿದ್ದರು. ಹಿಂದೆ ಹುಡುಗಿಯರು ತಾಟು ಹಿಡಿದಿದ್ದರು. ಇನ್ನು ನಾಲ್ಕು ಮಾರು. ಅಷ್ಟರಲ್ಲಿ ಬ್ಯಾಟರಿಯ ಗೆರೆ ಅರ್ಧಕ್ಕೆ ಇಳಿಯಿತು.

"ಅರ್ಧ ಆತ್ರೀ ಬಾಯಾರ!" ಅಂದವನೇ ಗರ್ರನೆ ಗಾಡಿ ತಿರುಗಿಸಿದ.

"ಏ! ರೊಟ್ಟಿ! ರೊಟ್ಟಿ ಕೊಟ್ಟು ಹೋಗೋ!"

ಹುಡುಗಿಯರು ತಾಟು ಹಿಡಿದು ಬೀದಿಯ ತುದಿಯವರೆಗೂ ಓಡಿದರು. ಸಿಗಲಿಲ್ಲ.

ಮುನ್ನೂರು ರೊಟ್ಟಿ ಮನೆಗೆ ಬಂದದ್ದು ಕಂಡು ದ್ಯಾಮವ್ವ ಒಲೆಯ ಮುಂದಿನಿಂದ ದಡಕ್ಕನೆ ಎದ್ದಳು. ಗೋಡೆಯ ಗಡಿಯಾರ ನೋಡಿದಳು. ಒಂದಕ್ಕೆ ಹದಿನೈದು ನಿಮಿಷ. ಅವಳು ಹುಟ್ಟಿದಂದಿನಿಂದ ಬೈಕಿನ ಮುಂದಿನ ಸೀಟಿನಲ್ಲಿ ಕೂತವಳಲ್ಲ. ಆದರೆ ಆ ಪುಸ್ತಕವನ್ನು ಮೂರು ಸಲ ಓದಿದ್ದಳು. ಸೀರೆಯ ಕಚ್ಚೆ ಬಿಗಿದಳು.

"ಇಳಿಯೋ! ನೀ ಎಲ್ಲೂ ಹೋಗಬ್ಯಾಡ. ಕರೆಂಟ್ ಬಂದ ಕೂಡಲೇ ಬಾಗಲ ಮುಂದ ನಿಂತ ಗಾಡಿಗೆ ಚಾರ್ಜರ್ ಹಚ್ಚು. ಸ್ವಿಚ್ ಒತ್ತಿ ಹತ್ತು ಹೆಜ್ಜಿ ದೂರ ನಿಲ್ಲು. ಪುಸ್ತಕದಾಗ ಹಂಗ ಐತಿ."

"ಆತು ಬೇ."

ತಾನು ತಿರುಗಿ ಬಂದ ಮೇಲಿನ ಮಾತು ಅದು. ಅದನ್ನು ಬಿಡಿಸಿ ಹೇಳುವಷ್ಟು ಪುರುಸೊತ್ತಿರಲಿಲ್ಲ.

ಗಾಡಿ ವಾಲಾಡುತ್ತಾ ಹೊರಟಿತು. ಸದ್ದಿಲ್ಲದ್ದರಿಂದ ಊರಿನ ಮಾತೆಲ್ಲ ಅವಳಿಗೆ ಕೇಳಿಸಿತು. "ಅವ್ವವ್ವಾ! ದ್ಯಾಮವ್ವ ಗಾಡಿ ಮ್ಯಾಲ!" ನಳದ ಹತ್ತಿರ ಯಾರದೋ ಕೊಡ ದೊಪ್ಪನೆ ಬಿತ್ತು. ಅವಳು ಹಲ್ಲು ಕಚ್ಚಿ ಹ್ಯಾಂಡಲ್ ಹಿಡಿದಳು. ಗೇಟಿನೊಳಗೆ ಹೊಕ್ಕಾಗ ಜವಾನ ಗಂಟೆಯ ಹಗ್ಗಕ್ಕೆ ಕೈ ಹಾಕಿದ್ದ. ಗಂಟೆ ಹೊಡೆಯುವುದರೊಳಗೆ ರೊಟ್ಟಿಯ ಗಂಟು ಮೇಜಿನ ಮೇಲಿತ್ತು.

"ನೀನ ಓಡಿಸಿದ್ಯಾ?" ವಾರ್ಡನ್ ಬಾಯಾರು ಕಣ್ಣರಳಿಸಿದರು.

"ಹೌದ್ರಿ."

"ಹಂಗಾರ ಹಾಸ್ಟೆಲ್ ನಿಂದು. ನಾಳಿಂದ ನೀನ ಬಾ. ಆ ಮಹಾರಾಯನ್ನ ಮಾತ್ರ ಕಳಸಬ್ಯಾಡ!"

ದ್ಯಾಮವ್ವ ಎದೆಯುಬ್ಬಿಸಿಕೊಂಡು ಬಂದಳು. ಓಣಿಯ ತಿರುವಿನಲ್ಲಿ ಹೊಗೆ ಕಂಡಿತು.

ಅವಳ ಬಾಗಿಲ ಮುಂದೆ ಒಂದು ಬೈಕು ಸುಟ್ಟು ಕರಕಾಗಿ ನಿಂತಿತ್ತು. ನೀರಿನ ತಂಬಿಗೆ ಹಿಡಿದ ಬಸಲಿಂಗಪ್ಪ ತೆರೆದ ಬಾಯಿ ಮುಚ್ಚದೆ ನಿಂತಿದ್ದ. ಸರಿಯಾಗಿ ಹತ್ತು ಹೆಜ್ಜೆ ದೂರದಲ್ಲಿ ಅಡಿವೆಪ್ಪ ಕೈಕಟ್ಟಿ ನಿಂತಿದ್ದ.

"ಏನಾತೋ!"

"ನಿನ್ನ ಕೈಲೆ ಆಗಲಿಲ್ಲಂತ ಹೇಳಾಕ ಕಾಕಾ ಬಂದಿದ್ದ ಬೇ. ನೀರು ಕುಡ್ಯಾಕ ಒಳಗ ಹ್ವಾದ. ಗಾಡಿ ಬಾಗಲ ಮುಂದ ನಿಂತಿತ್ತು. ಕರೆಂಟ್ ಬಂತು. ಚಾರ್ಜರ್ ಹಚ್ಚೂ ತೂತು ಎಲ್ಲೂ ಸಿಗಲಿಲ್ಲ. ಮ್ಯಾಲ ಒಂದು ಮುಚ್ಚಳ ಇತ್ತು. ಕೀಲಿ ಗಾಡ್ಯಾಗ ಇತ್ತು. ಅದರಿಂದ ಮುಚ್ಚಳ ತಗದು ವಾಯರ್ ಒಳಗ ಬಿಟ್ಟೆ, ಸ್ವಿಚ್ ಒತ್ತಿದೆ, ಹತ್ತು ಹೆಜ್ಜಿ ಎಣಿಸಿದೆ."

"ಆಮ್ಯಾಲ?"

"ಭಗ್ಗ್ ಅಂತು! ನಮ್ಮ ಗಾಡಿಗೆ ನಾಕು ತಾಸು ಬೇಕು. ಕಾಕಾಂದು ಎಷ್ಟು ಲಗೂ ಚಾರ್ಜ್ ಆತು ನೋಡಬೇ!"

ಈಗ ದ್ಯಾಮವ್ವನಿಗೆ ಮುನ್ನೂರು ರೊಟ್ಟಿಯ ಹಾಸ್ಟೆಲ್ಲಿದೆ, ಕರೆಂಟಿನ ಬೈಕಿದೆ, ಅವಳದೇ ಫೋಟೋ ಇರುವ ಲೈಸೆನ್ಸಿದೆ, ಬಾಗಿಲ ಮುಂದೆ ಅಳಿಸಲಾಗದ ಕರೀ ಕಲೆಯೊಂದಿದೆ. ಇದಕ್ಕೆಲ್ಲ ಅವಳು ತೆತ್ತದ್ದು ಒಂದು ಚಾರ್ಜರು. ಮತ್ತೆ, ದಿನಾ ಬೆಳಿಗ್ಗೆ ಬಸಲಿಂಗಪ್ಪನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಅವನ ಖಾನಾವಳಿಗೆ ಬಿಟ್ಟು ಬರಬೇಕು. ಗಾಡಿಗೆ ಸದ್ದಿಲ್ಲವಲ್ಲ, ಓಣಿಯವರು ನಗುವುದು ಅವನಿಗೆ ಚೆನ್ನಾಗಿ ಕೇಳಿಸುತ್ತದೆ.