ಕೌದಿ ಸಿಗದ ಅಂಗಡಿ

ಮಲಪ್ರಭಾ ದಂಡಿಮ್ಯಾಲ ಒಂದು ಆಶ್ರಮ. ಹಳೇ ಸೀರಿ ಕೂಡಿಸಿ ಹೊದಿಯೋ ಕೌದಿ ಹೊಲಿಯೋದ ಅಲ್ಲಿಯವರ ಕೆಲಸ, ಅದ ಅವರ ಜಪ. ಗುರು ಮುಕ್ತವ್ವ ತಾಯಿ. ಮಾತು ಕಡಿಮಿ. ಆಡಿದ್ರ ಸೂಜಿ.

ಶಿಷ್ಯಳು ದಾನಮ್ಮ. ಮೂರು ವರ್ಷದ ಹಿಂದ ಹಡೆದವ್ವನ ಕೂಡ ಜಗಳಾಡಿ ಇಲ್ಲಿ ಬಂದು ಕುಂತಾಕಿ. ಅವತ್ತಿಂದ ಅವ್ವನ ಕಡಿಂದ ಒಂದು ಮಾತಿಲ್ಲ.

ಟಪಾಲಿನವನ ಸೈಕಲ್ ಸಪ್ಪಳ ಕೇಳಿದ್ರ ಸಾಕು, ಹೊಲಿಯೋ ಕೈ ನಿಂತಬಿಡ್ತಿತ್ತು. "ನಾನೇನು ಯಾರ ಕಾಗದಾನೂ ಕಾಯಾಂಗಿಲ್ಲ" ಅಂತಿದ್ಲು. ಕೇಳಿದವರು ಯಾರು?

ಕೌದಿ ಫೋನಿನಾಗ ಮಾರಾಕ ಆನ್‌ಲೈನ್ ಅಂಗಡಿ ಮಾಡಿದಾಕಿನೂ ದಾನಮ್ಮನ. ತೆರದ ಕೂಡಲೆ ಕಾಣೋ ಮೆನುಗೆ ನಾಕು ಹೆಸರಿಟ್ಲು. ಮೌನ. ಯಾತ್ರೆ. ಬೆಳಕು. ನೆನಪು.

ದೊಡ್ಡ ಕೌದಿ ಮೌನದಾಗ. ಹೆಗಲ ಚೀಲ ಯಾತ್ರೆಯಾಗ. ತೊಟ್ಟಿಲ ಕೌದಿ ಬೆಳಕಿನಾಗ. ಜನ ತಮ್ಮ ಮನಿ ಸೀರಿ ಕಳಿಸಿದ್ರ ಕೌದಿ ಹೊಲದು ಕೊಡೋದು ನೆನಪಿನಾಗ.

ಎರಡು ತಿಂಗಳಾತು. ಒಬ್ರೂ ಕೊಳ್ಳಲಿಲ್ಲ.

"ಜನಕ್ಕ ಆಳ ಇಲ್ರೀ ತಾಯಿ," ಅಂದ್ಳು ದಾನಮ್ಮ.

"ಇರಂಗಿಲ್ಲ ಪಾಪ. ಅವರಿಗೆ ಬರೇ ಚಳಿ ಇರ್ತೈತಿ," ಅಂದ್ರು ತಾಯಿ.

ಒಂದಿನ ಮುಂಜಾನಿ ದಾನಮ್ಮ ಹೊಳಿಂದ ನೀರು ಹೊತ್ತು ಬಂದ್ಳು. ತಾಯಿ ಸೂಜಿಗೆ ದಾರ ಪೋಣಸ್ತಾ ಅಂದ್ರು, "ನಿಮ್ಮವ್ವ ಕಾಗದ ಬರದಾಳ."

ಕೊಡ ಕೈ ಬಿಟ್ಟು ಬಿತ್ತು. "ಎಲ್ಲೈತ್ರೀ?"

"ಒಳಗ ಐತಿ. ನೆನಪಿನಾಗ."

"ಚ್ಯಾಷ್ಟಿ ಬ್ಯಾಡ್ರೀ ತಾಯಿ. ಎಲ್ಲಿಟ್ಟೀರಿ?"

"ಹೇಳಿದ್ನಲ್ಲ. ನೆನಪಿನಾಗ."

ದಾನಮ್ಮ ಊರಿಂದ ತಂದ ಟ್ರಂಕ್ ತಗದ್ಲು. ದೇವರ ಜಗಲಿ ತಡಕಾಡಿದ್ಲು. ಗ್ವಾಡಿಗಿದ್ದ ಹಿರೇ ಗುರುಗಳ ಫೋಟೋ ಇಳಿಸಿ ಹಿಂದ ನೋಡಿದ್ಲು. ಹಳೇ ಸೀರಿ ಗಂಟು ಒಂದೊಂದ ಬಿಚ್ಚಿದ್ಲು.

ಹೊತ್ತು ಇಳೀತು. ಮೂರು ವರ್ಷ ಒಮ್ಮೆನೂ ಅಳದಾಕಿ ಸೀರಿ ರಾಶಿ ನಡುವ ಕುಂತು ಅತ್ತಳು.

"ಸೋತೆನ್ರೀ ತಾಯಿ. ನಮ್ಮವ್ವ ಇದ ಮನ್ಯಾಗ ಅದಾಳ, ನನ್ನ ಕೈಗೆ ಸಿಗವಲ್ಲಳು."

ತಾಯಿ ಬಾಗಿಲ ಕಡೆ ಕೈ ಮಾಡಿದ್ರು. ಅಲ್ಲಿ ಕಾಗದ ಚುಚ್ಚೋ ತಂತಿ. ಬಂದ ಕಾಗದೆಲ್ಲಾ ಅಲ್ಲೇ ಜೋತು ಬೀಳೋದು. ದಿನಾ ಹತ್ತು ಸಲ ಅದನ್ನ ನೋಡಾಕಿ, ಅವತ್ತೊಂದಿನ ನೋಡಿರಲಿಲ್ಲ.

"ತಂತಿಗೈತಿ ಅಂತ ಒಂದು ಮಾತು ಹೇಳಬಾರದಾಗಿತ್ತೇನ್ರೀ!"

"ನಿನ್ನ ಅಂಗಡ್ಯಾಗ ನೀ ಹೇಳೀಯೇನು?"

ದಾನಮ್ಮ ಕಾಗದ ಬಿಡಿಸಿದ್ಲು.

"ದಾನೂ, ನಿಮ್ಮಜ್ಜಿ ಸೀರಿ ಕೌದಿ ಹೊಲಿಸಬೇಕಂತ ಆಸೆ ಆತು. ನಿನ್ನ ಕೈಲೆ. ಕೇಳಾಕ ನನ್ನ ಸೊಕ್ಕು ಬಿಡಲಿಲ್ಲ. ಯಾರೋ ಪರಸ್ಥಳದಾಕಿ ಹಂಗ, ನಿಂಗ ಗೊತ್ತಾಗದಂಗ ಹೊಲಿಸಿ ತರಿಸ್ಕೊಳ್ಳೋಣಂತ ಬಾಜೂಮನಿ ಸೊಸಿ ಫೋನಿನಾಗ ನಿಮ್ಮ ಅಂಗಡಿ ತೆಗೆಸಿದೆ. ಮೌನ ಅಂತಿತ್ತು. ಯಾತ್ರೆ ಅಂತಿತ್ತು. ಕೌದಿ ಅಂತ ಎಲ್ಲೂ ಇರಲಿಲ್ಲ. ಹೊಲಿಯೋದು ಬಿಟ್ಟೀಯೇನವ್ವಾ?"

ಓದಿದ್ಲು. ಮತ್ತ ಓದಿದ್ಲು. ಸೆರಗಿಲೆ ಮೂಗು ಒರೆಸ್ಕೊಂಡು ಫೋನ್ ಹಿಡದು ಕುಂತಳು.

ಮೌನ ಅಳಿಸಿ ಕೌದಿ ಅಂತ ಬರದ್ಲು. ಯಾತ್ರೆ ಅಳಿಸಿ ಚೀಲ. ಬೆಳಕು ಅಳಿಸಿ ತೊಟ್ಟಿಲ ಕೌದಿ.

ನಾಕನೇದಕ್ಕ ಬೆರಳು ನಿಂತವು.

"ಇದೊಂದು ಇರಲ್ರೀ ತಾಯಿ. 'ನಿಮ್ಮ ಸೀರಿ ಕಳಿಸ್ರಿ, ಹೊಲದು ಕೊಡ್ತೀವಿ' ಅಂತ ಬರದ್ರ, ನೆನಪು ಎಲ್ಲಿ ಉಳೀತು?"

"ಅದನ್ನ ನಿಮ್ಮವ್ವ ತರ್ತಾಳ. ನೀ ಸೀರಿ ಅಂತ ಬರಿ."