ಅಂಚಿಗೆ ಮಾತ್ರ ತಾಗಿದ ಮುದ್ರೆ

"ಬುದ್ಧಿ, ಯಾರಿಗೂ ಕೆಡುಕು ಮಾಡದ ಆಸೆಯನ್ನೂ ಬಿಡಬೇಕೇ?"

ಮಠದ ಜಗಲಿಯಲ್ಲಿ ಕೂತು ಪಂಚಾಕ್ಷರಿ ಹೀಗೆ ಕೇಳಿದ. ಮಠಕ್ಕೆ ಬರುವ ಕಾಗದಗಳನ್ನು ಒಡೆದು ಗುರುಗಳಿಗೆ ಓದಿ ಹೇಳುವುದು ಅವನ ಕೆಲಸ. ಓದಿಯಾದ ಮೇಲೆ ಲಕೋಟೆಗಳ ಮೇಲಿನ ಅಂಚೆಚೀಟಿಗಳನ್ನು ಬಿಡಿಸಿ ಕೂಡಿಡುವುದು ಅವನಿಗೆ ಅಂಟಿದ ಗೀಳು. ದೀಕ್ಷೆ ಪಡೆಯಲು ಬಂದವನಿಗೆ ಇದೆಲ್ಲ ಸಲ್ಲುತ್ತದೆಯೇ ಎಂದು ಹಿರಿಯ ಶಿಷ್ಯರೊಬ್ಬರು ಕೊಂಕು ತೆಗೆದಿದ್ದರು. ಅದು ಅವನ ಮನಸ್ಸನ್ನು ಕೊರೆಯುತ್ತಿತ್ತು.

ಗುರುಗಳು ನಕ್ಕರು. "ಚೀಟಿಯ ವಿಷಯ ತಾನೇ? ಸುತ್ತಿ ಬಳಸಿ ಯಾಕೆ ಕೇಳುತ್ತೀಯೋ, ನೇರವಾಗಿ ಕೇಳು."

"ಹೌದು ಬುದ್ಧಿ. ಕದ್ದದ್ದಲ್ಲ, ಯಾರನ್ನೂ ಕಾಡಿ ಬೇಡಿ ತಂದದ್ದಲ್ಲ. ಒಲೆಗೆ ಹೋಗುವ ಕಾಗದದ ಚೂರು. ಅದನ್ನು ಎತ್ತಿಟ್ಟುಕೊಂಡರೆ ಯಾರಿಗೆ ಏನು ನಷ್ಟ?"

"ಒಬ್ಬ ವರ್ತಕನೂ ಹೀಗೇ ಹೇಳುತ್ತಿದ್ದ," ಎಂದು ಗುರುಗಳು ಕತೆ ತೊಡಗಿದರು.

ಒಂದು ಊರಿನಲ್ಲಿ ಒಬ್ಬ ಜವಳಿ ವರ್ತಕನಿದ್ದ. ಮನೆಮನೆಗೆ ಇನ್ನೂ ಫೋನು ಬಾರದ ಕಾಲ ಅದು. ಸುದ್ದಿ ಎಂದರೆ ಕಾಗದ, ಕಾಗದ ಎಂದರೆ ಅಂಚೆಯವನು. ವರ್ತಕ ಕುಡಿಯುವವನಲ್ಲ, ಇಸ್ಪೀಟಿಗೆ ಕೂರುವವನಲ್ಲ. ಅವನಿಗಿದ್ದದ್ದು ಒಂದೇ ಹುಚ್ಚು, ಅಂಚೆಚೀಟಿ ಕೂಡಿಸುವುದು. ರಾಜರಾಣಿಯರ ತಲೆ ಇರುವ ಹಳೆಯ ಚೀಟಿಗಳು ಅವನಿಗೆ ಬೇಡ. ಹೊಸದಾಗಿ ಬರುತ್ತಿದ್ದವು ಬೇಕು. ಹಕ್ಕಿ, ರೈಲು, ರಾಕೆಟ್ಟು, ಕುಣಿಯುವ ಹೆಣ್ಣು, ಇಂಥವು. ಅದೂ ಅಂಚೆ ಕಚೇರಿಯ ಕಿಟಕಿಯಲ್ಲಿ ಕೊಂಡದ್ದಾಗಬಾರದು. ಕಾಗದದ ಮೇಲೆ ಕೂತು ಊರೂರು ದಾಟಿ ಬಂದದ್ದೇ ಆಗಬೇಕು. ದಾಟಿ ಬಂದಿರಬೇಕು, ಆದರೆ ಅಂಚೆ ಮುದ್ರೆಯ ಮಸಿ ಮೈತುಂಬ ಮೆತ್ತಿರಕೂಡದು. ಮುದ್ರೆ ಅಂಚಿನಲ್ಲಿ ಒಂದಿಷ್ಟು ತಾಗಿ, ಚಿತ್ರ ಪೂರ್ತಿ ಚೊಕ್ಕಟವಾಗಿದ್ದರೆ ಅಂದು ಅವನಿಗೆ ಹಬ್ಬ. ನೋಡು, ಎಂಥ ಆಸೆ! ದೂರದಿಂದಲೂ ಬರಬೇಕು, ದಾರಿಯ ಗುರುತೂ ಹತ್ತಬಾರದು.

ಅಂಚೆಯವನು ಕಾಗದ ಕೊಟ್ಟ ಕೂಡಲೇ ವರ್ತಕನ ಕಣ್ಣು ಹೋಗುತ್ತಿದ್ದದ್ದು ಬಲಗಡೆಯ ಮೇಲಿನ ಮೂಲೆಗೆ. ಯಾರು ಬರೆದಿದ್ದಾರೆ ಎಂಬುದು ಆಮೇಲೆ. ಕತ್ತರಿ ತೆಗೆದು ಚೀಟಿಗೆ ಹತ್ತಿದಂತೆ ಮೂಲೆ ಕತ್ತರಿಸುವನು, ಒಳಗಿನ ಹಾಳೆಯನ್ನು ಪಕ್ಕಕ್ಕಿಡುವನು, ಮೂಲೆಯನ್ನು ಬಟ್ಟಲ ನೀರಿಗೆ ಬಿಡುವನು. ಅಂಟು ನೆನೆದು ಚೀಟಿ ತಾನಾಗಿ ಕಳಚಿಕೊಳ್ಳುವವರೆಗೆ ಬಟ್ಟಲ ಮುಂದಿನಿಂದ ಏಳುತ್ತಿರಲಿಲ್ಲ. ಅದನ್ನು ಚಿಮಟದಲ್ಲಿ ಎತ್ತಿ, ಹಳೆಯ ಪಂಚೆಯ ಮೇಲೆ ಒಣಗಲು ಹಾಕಿ, ಆಮೇಲೆ ಕಾಗದ ಓದುವನು. ಮಿಕ್ಕ ಲಕೋಟೆ ಬಚ್ಚಲೊಲೆಗೆ. ಆ ಮನೆಯಲ್ಲಿ ಇದು ನಡೆದುಕೊಂಡು ಬಂದ ಪದ್ಧತಿ. ಹೆಂಡತಿ ಗೊಣಗಿದರೆ, "ನನ್ನ ಪಾಡಿಗೆ ನಾನು ಚೀಟಿ ನೆನೆಸಿಕೊಂಡು ಕೂತಿದ್ದೇನೆ, ಯಾರ ಗಂಟು ಹೋಯಿತು?" ಎನ್ನುವನು. ಇಸ್ಪೀಟಿಗಿಂತ ವಾಸಿ ಎಂದು ಅವಳೂ ಸುಮ್ಮನಾಗುವಳು.

ಅವನಿಗೆ ಒಬ್ಬಳೇ ತಂಗಿ. ತಾಯಿತಂದೆ ಬೇಗ ತೀರಿಹೋದದ್ದರಿಂದ ಅವಳನ್ನು ಎತ್ತಿ ಆಡಿಸಿ ಬೆಳೆಸಿದವನು ಅವನೇ. ಬಟ್ಟಲ ನೀರಿನ ಮುಂದೆ ಅವನ ಜೊತೆ ಕೂತು ಚೀಟಿ ಬಿಡುವುದನ್ನು ಕಾಯುತ್ತಿದ್ದವಳೂ ಅವಳೇ. ದೊಡ್ಡವಳಾದ ಮೇಲೆ ಅವಳು ಬೇರೆ ಜಾತಿಯ ಒಬ್ಬ ಮೇಷ್ಟರನ್ನು ಮೆಚ್ಚಿದಳು. ವರ್ತಕ ಕೂಗಾಡಿದ. ಅವಳು ಜಗ್ಗಲಿಲ್ಲ. ಹೊರಟು ನಿಂತ ದಿನ, "ಹೋಗು, ನಿನ್ನ ಪಾಲಿಗೆ ಈ ಮನೆ ಮುಳುಗಿತು ಅಂತ ತಿಳಿ," ಎಂದುಬಿಟ್ಟ.

ಸಿಟ್ಟಿನಲ್ಲಿ ಆಡಿದ ಮಾತು. ಸಿಟ್ಟು ಇಳಿಯಿತು, ಮಾತು ಹಾಗೇ ನಿಂತಿತು. ವರ್ಷಗಳು ಹೋದವು. ಹಬ್ಬದ ದಿನ ಎಲೆಯ ಮುಂದೆ ಕೂತರೆ ಅವನಿಗೆ ತಂಗಿಯದೇ ನೆನಪು. ಹೋಗಿ ಕರೆದು ಬರಲೇ ಎಂದುಕೊಳ್ಳುವನು. ನಾನಾಗಿ ಹೇಗೆ ಹೋಗಲಿ ಎಂದು ಮತ್ತೆ ಕೂರುವನು. ಈ ಬಿಂಕವಿದೆಯಲ್ಲ, ಇದಕ್ಕೆ ಮದ್ದಿಲ್ಲ. ಕೊನೆಗೊಂದು ದಿನ ಅದನ್ನೂ ಬಿಟ್ಟು ಹೊರಟ. ಮೇಷ್ಟರು ಪಾಠ ಹೇಳುತ್ತಿದ್ದ ಶಾಲೆಗೆ ಹೋದರೆ, ಅವರು ಆ ಕೆಲಸ ಬಿಟ್ಟು ಹೆಂಡತಿಯನ್ನು ಕರೆದುಕೊಂಡು ದೂರದ ಯಾವುದೋ ಊರಿಗೆ ಹೋಗಿ ಬಹಳ ಕಾಲವಾಯಿತು ಎಂದರು. ಯಾವ ಊರು ಎಂದು ಯಾರಿಗೂ ತಿಳಿಯದು. ಮೇಷ್ಟರ ಕಡೆಯವರೂ ಅವರನ್ನು ದೂರ ಮಾಡಿದ್ದರು. ವರ್ತಕ ಹೋದ ದಾರಿಗೆ ಸುಂಕವಿಲ್ಲದೆ ಹಿಂದಿರುಗಿದ. ಎಲ್ಲಾದರೂ ಇರಲಿ, ತಂಗಿ ಒಂದು ಸಾಲು ಬರೆದರೆ ಸಾಕು, ಓಡಿಹೋಗಿ ಕರೆತರುತ್ತೇನೆ ಎಂದು ದೇವರ ಮುಂದೆ ಕೈಮುಗಿದ. ಆ ದಿನದಿಂದ ಅವನ ಜೀವ ಅವಳ ಕಾಗದದ ಮೇಲೇ ಇತ್ತು.

ಬರೆದಳು, ಪಂಚಾಕ್ಷರಿ. ದೇವರು ಅಷ್ಟನ್ನು ನಡೆಸಿಕೊಟ್ಟ.

ಆ ದಿನ ಬಂದ ಲಕೋಟೆಯ ಮೂಲೆಯಲ್ಲಿ ವರ್ತಕ ಅದುವರೆಗೆ ಕಂಡಿರದ ಚೀಟಿಯೊಂದಿತ್ತು. ನೀಲಿ ಮಿಂಚುಳ್ಳಿ ಹಕ್ಕಿಯದು. ಮುದ್ರೆ ಅಂಚಿಗೆ ಮಾತ್ರ ತಾಗಿತ್ತು. "ಆಹಾ!" ಎಂದ. ಕೈಬರಹ ಯಾರದೆಂದು ನೋಡಲಿಲ್ಲ. ಹಿಂದೆ ತಿರುಗಿಸಲಿಲ್ಲ. ಅಕ್ಷರ ತಿದ್ದಿಸಿದವನು ಅವನೇ, ಒಂದು ಸಲ ಕಣ್ಣು ಹಾಯಿಸಿದ್ದರೆ ಸಾಕಿತ್ತು, ಗುರುತು ಹಿಡಿಯುತ್ತಿದ್ದ. ಮೂಲೆ ಬಟ್ಟಲಿಗೆ ಹೋಯಿತು, ಹಾಳೆ ಪಕ್ಕಕ್ಕೆ ಹೋಯಿತು, ಲಕೋಟೆ ಬಚ್ಚಲಿಗೆ ಹೋಯಿತು. ಬಟ್ಟೆ ಒಗೆಯಲು ಹೆಂಡತಿ ಅಲ್ಲಿ ನೀರು ಕಾಯಿಸುತ್ತಿದ್ದಳು. ಎಂದಿನಂತೆ ಅದನ್ನೂ ಒಲೆಗೆ ತಳ್ಳಿದಳು. ಇತ್ತ ಚೀಟಿ ಅಂಚಿನ ಒಂದು ಹಲ್ಲೂ ಹರಿಯದೆ ಬಿಟ್ಟುಕೊಂಡಿತು. "ಇಂಥದ್ದು ಸಿಗಲು ಪುಣ್ಯ ಬೇಕು ಕಣೇ," ಎಂದು ವರ್ತಕ ಹೆಂಡತಿಯನ್ನು ಕರೆದು ತೋರಿಸಿದ. ಆಮೇಲೆ ಕೈ ಒರೆಸಿಕೊಂಡು ಹಾಳೆ ಬಿಡಿಸಿದ.

"ಅಣ್ಣಾ," ಎಂದು ಇತ್ತು ಅದರಲ್ಲಿ. "ನನಗೆ ಹೆಣ್ಣುಮಗು ಆಗಿದೆ. ಥೇಟು ನಿನ್ನದೇ ಮೂಗು. ನನ್ನ ಮೇಲಿನ ಕೋಪ ಇಳಿದಿದ್ದರೆ ಒಂದು ಸಾಲು ಬರೆ, ಮಗುವನ್ನು ಎತ್ತಿಕೊಂಡು ಬಂದುಬಿಡುತ್ತೇನೆ. ವಿಳಾಸ ಲಕೋಟೆಯ ಹಿಂದೆ ಬರೆದಿದ್ದೇನೆ. ನಿನ್ನಿಂದ ಉತ್ತರ ಬಾರದಿದ್ದರೆ ಇನ್ನೂ ಮನಸ್ಸು ಕರಗಲಿಲ್ಲ ಎಂದು ತಿಳಿದುಕೊಳ್ಳುತ್ತೇನೆ, ಮತ್ತೆ ಬರೆದು ನಿನ್ನನ್ನು ನೋಯಿಸುವುದಿಲ್ಲ. ಈ ಮಿಂಚುಳ್ಳಿಯ ಚೀಟಿ ನಿನಗೆಂದೇ ಹುಡುಕಿ ಹಚ್ಚಿದ್ದು. ಮಸಿ ಮೆತ್ತಿದರೆ ನಿನಗೆ ಹಿಡಿಸುವುದಿಲ್ಲವಲ್ಲ, ಅದಕ್ಕೇ ಅಂಚೆ ಕಚೇರಿಯವರನ್ನು ಕೇಳಿಕೊಂಡು ಅಂಚಿಗೆ ಮಾತ್ರ ಮುದ್ರೆ ಹಾಕಿಸಿದ್ದೇನೆ."

ವರ್ತಕ ಬಚ್ಚಲಿಗೆ ಓಡಿದ. ಉರಿಯುವ ಒಲೆಗೆ ಕೈ ಹಾಕಿದ. "ಅಯ್ಯೋ, ಏನು ಮಾಡ್ತಿದ್ದೀರಿ!" ಎಂದು ಹೆಂಡತಿ ರಟ್ಟೆ ಹಿಡಿದು ಎಳೆದಳು. ಬೆರಳು ಸುಟ್ಟುಕೊಂಡದ್ದೇ ಬಂತು. ಬೂದಿಯಲ್ಲಿ ಓದುವುದಕ್ಕೆ ಏನಿರುತ್ತದೆ?

ಚೀಟಿ ಇದೆಯಲ್ಲ, ಮುದ್ರೆಯಲ್ಲಿ ಊರ ಹೆಸರು ಇರುತ್ತದಲ್ಲ ಎಂದು ಮತ್ತೆ ಒಳಗೆ ಓಡಿಬಂದ. ಭೂತಗನ್ನಡಿ ಹಿಡಿದು ನೋಡಿದ. ಅಂಚಿನಲ್ಲಿ ಕಪ್ಪು ಗೆರೆಯ ಒಂದು ಸಣ್ಣ ಬಾಗು, ಅಷ್ಟೇ. ಬಟ್ಟಲ ತಳದಲ್ಲಿ ಉಳಿದ ಕಾಗದದ ಚೂರನ್ನೂ ತಿರುವಿ ನೋಡಿದ. ಅದರಲ್ಲೂ ಒಂದು ಅಕ್ಷರವಿರಲಿಲ್ಲ. ಊರ ಹೆಸರೆಲ್ಲ ಲಕೋಟೆಯ ಮೇಲೆ ಬಿದ್ದು ಲಕೋಟೆಯ ಜೊತೆಗೇ ಉರಿದುಹೋಗಿತ್ತು. ಮಸಿ ತುಸು ಮೆತ್ತಿದ್ದರೆ ಆಗುತ್ತಿತ್ತು. ಮೈತುಂಬ ಮೆತ್ತಿದ್ದರೆ ಇನ್ನೂ ಚೆನ್ನಾಗಿತ್ತು. ಅಣ್ಣನಿಗೆ ಇಷ್ಟವೆಂದು ಆ ಹುಡುಗಿ ಮಸಿಯನ್ನೂ ತಡೆದಿದ್ದಳು.

ಅಂಚೆಯವನನ್ನು ಬೀದಿಯಲ್ಲಿ ನಿಲ್ಲಿಸಿ ಕೇಳಿದ. "ಅಪ್ಪಾ, ಬೆಳಿಗ್ಗೆ ಕೊಟ್ಟೆಯಲ್ಲ, ಆ ಕಾಗದ ಯಾವ ಊರಿಂದ ಬಂದದ್ದು?"

"ದಿನಾ ಚೀಲದ ತುಂಬ ಕಾಗದ ಬರುತ್ತವೆ ಸ್ವಾಮಿ. ಯಾರಿಗೆ ಅಂತ ನಾನು ನೋಡ್ತೀನಿ. ಯಾರಿಂದ ಅಂತ ನೋಡೋರು ಮನೆಯವರಲ್ವೇ?" ಎಂದ ಅಂಚೆಯವನು.

ಚುಚ್ಚಬೇಕೆಂದು ಅಂದ ಮಾತಲ್ಲ ಅದು. ಆದರೂ ವರ್ತಕನಿಗೆ ನಡುಬೀದಿಯಲ್ಲಿ ಕಣ್ಣೀರು ಬಂತು.

ಅಲ್ಲಿಂದ ಮುಂದೆ ಅವನು ಅಂಗಡಿಗೆ ಬಾಗಿಲು ಹಾಕಿ ಊರೂರು ಅಲೆದ. ಶಾಲೆ ಕಂಡಲ್ಲೆಲ್ಲ ಇಳಿದು ಮೇಷ್ಟರ ಹೆಸರು ಹೇಳಿ ವಿಚಾರಿಸಿದ. ಕಂಡಕಂಡ ಕೂಸುಗಳ ಮೂಗು ನೋಡಿದ. ಜನ ಇವನಿಗೆ ತಲೆ ಕೆಟ್ಟಿದೆ ಎಂದುಕೊಂಡರು. ಮನೆಗೆ ಬಂದ ಪ್ರತಿ ಕಾಗದವನ್ನೂ ಈಗ ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದ. ಕತ್ತರಿಯನ್ನು ಹೆಂಡತಿ ಎಲ್ಲಿಟ್ಟಳೋ ಅವನು ಕೇಳಲೂ ಇಲ್ಲ. ತಂಗಿ ಮತ್ತೆ ಬರೆಯಲಿಲ್ಲ. ಆಡಿದ ಮಾತಿಗೆ ನಿಲ್ಲುವವಳು, ಅವನ ಕೈಯಲ್ಲೇ ಬೆಳೆದವಳಲ್ಲವೇ.

ವರ್ತಕ ಮುದುಕನಾದ. ಅವನ ಆಲ್ಬಂ ಈಗಲೂ ಇದೆ. ಬಂದವರು ತಿರುವಿ ಹಾಕುತ್ತಾರೆ. ಮಿಂಚುಳ್ಳಿಯ ಪುಟ ಬಂದಾಗ, "ಅಬ್ಬಾ, ಎಷ್ಟು ಚೊಕ್ಕಟವಾಗಿದೆ!" ಎನ್ನುತ್ತಾರೆ. ಆಗ ವರ್ತಕ ಎದ್ದು ಒಳಗೆ ಹೋಗುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು. ಪಂಚಾಕ್ಷರಿಯ ಕಣ್ಣು ತುಂಬಿತ್ತು. ವರ್ತಕ ಒಲೆಗೆ ಕೈ ಹಾಕಿದ್ದು, ನಡುಬೀದಿಯಲ್ಲಿ ಅತ್ತದ್ದು, ಎದ್ದು ಒಳಗೆ ಹೋದದ್ದು ಅವನಿಗೆ ಕಣ್ಣಿಗೆ ಕಟ್ಟಿದಂತಿತ್ತು. "ಪಾಪ ಬುದ್ಧಿ, ಆ ವರ್ತಕ! ಅವನ ಆಸೆ ಬೇರೆ ಯಾರಿಗೂ ಕೆಡುಕು ಮಾಡಲಿಲ್ಲ ನಿಜ. ಆದರೆ ತನಗೆ ತಾನೇ ಕೆಡುಕು ಮಾಡಿಕೊಂಡ," ಎಂದ.

ಗುರುಗಳು ಅವನನ್ನೇ ನೋಡಿದರು.

"ಅಷ್ಟು ದೂರದ ಊರಲ್ಲಿ, ಕಂಕುಳಲ್ಲಿ ಕೂಸನ್ನಿಟ್ಟುಕೊಂಡು, ದಿನಾ ಅಂಚೆಯವನ ದಾರಿ ಕಾದವಳು ನಿನ್ನ ಕಣ್ಣಿಗೂ ಬೀಳಲಿಲ್ಲವಲ್ಲ, ಮಗು."